ರಿಬ್ಬನ್ ಸೀಲಿನ ಚೀಟಿ

“ಬ್ಯಾಡ ಮೇಡಂ, ಸೀಲ್ ಒತ್ಬ್ಯಾಡಿ!” ಅನುಷಾ ಕೌನ್ಸೆಲರ್ ಮೇಘನಾಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಎದುರಿನ ಕ್ಲಿನಿಕ್ಕಿಗೆ ಬರೆದ ಚೀಟಿಯ ಮೇಲೆ ಎಚ್‌ಐವಿ ಕೇಂದ್ರದ ರಿಬ್ಬನ್ ಗುರುತು ಮೂಡಿಯಾಗಿತ್ತು. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಗೋಡೆಯ ಮೇಲೂ ಅದೇ ರಿಬ್ಬನ್. ಓದು ಬಾರದವರಿಗೂ ಅದೇನೆಂದು ಗೊತ್ತು.

ಅನುಷಾಳ ಕಣ್ಣು ಬಾಗಿಲ ಮೇಲೆಯೇ ಇತ್ತು. “ಆಚೆ ಅತ್ತೆ ಕುಂತವ್ರೆ. ನಂಗೂ ನಮ್ಮೆಜಮಾನ್ರಿಗೂ ಇರೋ ಕಾಯಿಲೆ ಅವ್ರಿಗೆ ಗೊತ್ತಿಲ್ಲ. ಹೋದ್ ತಿಂಗ್ಳು ನೀವ್ ಕೊಟ್ಟ ಚೀಟಿ ಬ್ಯಾಗಿಂದ ಎಲ್ಲೋ ಬಿದ್ದೋಯ್ತು. ಯಾರ್ ಕೈಗೆ ಸಿಕ್ತೋ ಅಂತ ನಿದ್ದೇನೇ ಇಲ್ಲ.”

ಚೀಟಿಗೆ ಕಳಿಸಿದವರ ಸೀಲಿಲ್ಲದಿದ್ದರೆ ಎದುರಿನ ಕುಟುಂಬ ಯೋಜನೆ ಕ್ಲಿನಿಕ್ಕಿನವರು ಕಾಪರ್‌-ಟಿ ಹಾಕದೆ ವಾಪಸ್ ಕಳಿಸುತ್ತಾರೆ. ಅದು ಬೇರೆ ಸಂಸ್ಥೆ, ಅವರದು ಬೇರೆ ಕಾನೂನು. ಮೇಘನಾ ಚೀಟಿಯನ್ನು ಚೂರು ಚೂರಾಗಿ ಹರಿದು ಎದ್ದಳು. “ನಡೀರಿ, ಕ್ಲಿನಿಕ್ಕಿನವ್ರಿಗೆ ನಾನೇ ಬಂದು ಹೇಳ್ತೀನಿ.”

ಹೊರಗೆ ಬೆಂಚಿನಿಂದೆದ್ದ ಅತ್ತೆ ಮುನಿತಾಯಮ್ಮ ಸೊಸೆಯ ಖಾಲಿ ಕೈಗಳನ್ನು ನೋಡಿದಳು. “ಚೀಟಿ ಕೊಡ್ನಿಲ್ವಾ?”

“ಇಲ್ಲಮ್ಮ, ನಾನೇ ಜೊತೆಗೆ ಬರ್ತೀನಿ,” ಎಂದಳು ಮೇಘನಾ.

“ಒಳ್ಳೇದಾಯ್ತು ಕಣವ್ವ.” ಮುನಿತಾಯಮ್ಮ ಸೊಸೆಯ ಸೆರಗು ಸರಿಮಾಡುತ್ತ ದನಿ ತಗ್ಗಿಸಿದಳು. “ಹೋದ್ ಸಲದ್ದನ್ನ ಊರೋರ ಕಣ್ಣಿಗೆ ಬೀಳೋಕ್ ಮುಂಚೆ ನಾನೇ ಒಲೆಗಾಕ್ಬುಟ್ಟೆ.”