ತಳ ಕಂಡ ಟಾಕಿ

ರಕ್ತದ ತಿಳಿ ಬಿದ್ದ ಪರೀಕ್ಷೆಯ ಕಾರ್ಡಿನ ಮೇಲೆ ಎರಡನೆಯ ಗೆರೆ ಮೂಡಿತು. ಗುಲ್ಷನಳಿಗೆ ಅನುಮಾನ ಉಳಿಯಲಿಲ್ಲ. ಗಜೇಂದ್ರಗಡದ ದವಾಖಾನೆಯ ಲ್ಯಾಬಿನಲ್ಲಿ ಆಕೆ ನೋಡಿದ ರಕ್ತಕ್ಕೆ ಲೆಕ್ಕವಿಲ್ಲ. ಆದರೆ ಈ ಸಲದ ರಕ್ತ ಎದುರುಮನೆ ಭಾರತಿಯ ಮಗಳು ರೂಪಾಳದು. ಬಾಗಿಲಲ್ಲಿ ಭಾರತಿ ಕಾಯುತ್ತ ನಿಂತಿದ್ದಳು.

"ಡೆಂಗ್ಯೂ ಐತಿ, ಭಾರತಿ. ಹೆದರಬ್ಯಾಡ, ಲಗೂ ಕರ್ಕೊಂಡು ಬಂದಿ. ಡಾಕ್ಟರು ಇಲ್ಲೇ ಇಟ್ಕೋತಾರ. ದಿನಾ ನಾನ ರಕ್ತ ನೋಡ್ತೀನಿ, ಆರಾಮ ಆಗ್ತಾಳ."

"ಆ ಗಟಾರದ ಸೊಳ್ಳಿ ಹಾಳಾಗಿ ಹೋಗ್ಲಿ, ಅಕ್ಕಾ!" ಎಂದು ಭಾರತಿ ಕಣ್ಣೊರೆಸಿಕೊಂಡಳು. ಗುಲ್ಷನ್ ಲ್ಯಾಬಿನ ವಹಿಯಲ್ಲಿ ಈ ಜ್ವರದವರ ಹೆಸರು ನೋಡಿದಳು. ತಮ್ಮದೇ ಓಣಿಯ ಇಮಾಮಸಾಬನ ಮೊಮ್ಮಗ, ಬಸ್ಯಾನ ತಾಯಿ, ಈಗ ರೂಪಾ. ಗಟಾರದ ಪಕ್ಕದವರೆಲ್ಲ ಗಟ್ಟಿಮುಟ್ಟಾಗಿದ್ದರು. ಮಲಗಿದವರ ಮನೆಗಳೆಲ್ಲ ಒಂದು ನೀರಿನ ಟಾಕಿಯ ಸುತ್ತ ಇದ್ದವು, ಆ ಟಾಕಿ ಗುಲ್ಷನಳ ಅತ್ತೆ ಲಾಲಬಿಯದು. ಹೇಳಿದರೆ ಅತ್ತೆಯ ಮಾನ ಹೋಗುತ್ತದೆ. ಹೇಳದಿದ್ದರೆ ಇನ್ನೊಂದು ಮಗು ಮಲಗುತ್ತದೆ. ಯೋಚಿಸುತ್ತ ಕೂರುವ ಜಾಯಮಾನ ಗುಲ್ಷನಳದಲ್ಲ. ಮಧ್ಯಾಹ್ನವೇ ಒಂದು ಖಾಲಿ ಗಾಜಿನ ನಳಿಕೆ ಹಿಡಿದು ಮನೆಗೆ ಬಂದಳು.

ಅವರ ಓಣಿಗೆ ನಳದ ನೀರು ಬರುವುದೆಂದರೆ ಬಿಗುಮಾನದ ಅಳಿಯ ಬಂದ ಹಾಗೆ: ಯಾವಾಗ ಬರುತ್ತಾನೋ ಗೊತ್ತಿಲ್ಲ, ಬಂದರೆ ಎಲ್ಲರೂ ಎದ್ದು ಓಡಬೇಕು. ಅದಕ್ಕೇ ಲಾಲಬಿಯ ಗಂಡ ಅಬ್ದುಲಮಜೀದ ಅಂಗಳದಲ್ಲಿ ಕಲ್ಲಿನ ಟಾಕಿ ಕಟ್ಟಿಸಿದ್ದ. ಇಡೀ ಓಣಿ ಕೊಡ ಹಿಡಿದು ಬರುತ್ತಿತ್ತು, ಲಾಲಬಿ ಯಾರಿಗೂ ಇಲ್ಲವೆಂದವಳಲ್ಲ. ತಳ ಕಂಡರೆ ಮನೆಯ ಬರಕತ್, ಏಳಿಗೆ ಎಲ್ಲ ಹೋಗುತ್ತದೆಂದು ಗಂಡ ಹೇಳಿದ್ದ. ಹಾಗಾಗಿ ಆಕೆ ಟಾಕಿಯನ್ನು ಬರಿದಾಗಲು ಬಿಟ್ಟವಳೂ ಅಲ್ಲ, ತಿಕ್ಕಿ ತೊಳೆದವಳೂ ಅಲ್ಲ. ಹಳೆಯ ನೀರಿನ ಮೇಲೆಯೇ ಹೊಸ ನೀರು ಬೀಳುತ್ತಿತ್ತು.

ಗುಲ್ಷನ್ ನಳಿಕೆಯನ್ನು ಟಾಕಿಯಲ್ಲಿ ಅದ್ದಿ ತೆಗೆದಳು. "ಅಮ್ಮಾ, ಇದನ್ನ ಬೆಳಕಿಗೆ ಹಿಡೀರಿ," ಎಂದು ಅತ್ತೆಯ ಕೈಗೆ ಕೊಟ್ಟಳು.

ಕನ್ನಡಿಯಂಥ ನೀರಿನಲ್ಲಿ ಕೂದಲೆಳೆಯಷ್ಟು ಸೊಳ್ಳೆಯ ಮರಿಹುಳಗಳು ಕುಣಿಯುತ್ತಿದ್ದವು.

"ಸೊಳ್ಳಿ ಗಟಾರದಾಗ ಹುಟ್ತಾವ. ನನ್ನ ನೀರ ಸಕ್ರಿ ಇದ್ದಂಗ ಐತಿ!"

"ಈ ಜ್ವರದ ಸೊಳ್ಳಿಗೆ ಇಂಥಾ ಚಲೋ ನೀರ ಬೇಕ್ರಿ. ಮೂರೂ ಮಂದಿ ರಕ್ತ ನಾನ ನೋಡೇನಿ. ಮೂರೂ ಮನಿ ನಮ್ಮ ಟಾಕಿ ಸುತ್ತ ಅದಾವ."

"ತಳಾ ಕಂಡ್ರ ಬರಕತ್ ಹೊಕ್ಕತಿ ಅಂತ ನಿಮ್ಮ ಮಾವ ಹೇಳಿ ಹೋಗ್ಯಾರ," ಎಂದಳು ಲಾಲಬಿ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

"ಮಾವಾರು ಇದ್ದಿದ್ರ, ರೂಪಾ ಜ್ವರದಾಗ ಮಲಗ್ಯಾಳ ಅಂದ ಕೂಡ್ಲೇ ತಾವ ಚೆಲ್ಲತಿದ್ರು."

ಲಾಲಬಿ ನಳಿಕೆಯನ್ನು ಸೊಸೆಯ ಕೈಗೆ ಮರಳಿ ಕೊಟ್ಟಳು. ಆಮೇಲೆ ಸೆರಗು ಸಿಕ್ಕಿಸಿ, ಟಾಕಿಯ ಬುಡದ ಬಿರಡೆಯನ್ನು ಎರಡೂ ಕೈಯಿಂದ ಕಿತ್ತಳು. ನೀರು ಅಂಗಳ ದಾಟಿ ಓಣಿಗೆ ನುಗ್ಗಿತು. ದವಾಖಾನೆಯಲ್ಲಿದ್ದ ಮಗಳಿಗೆ ಬಟ್ಟೆ-ಅರಿವೆ ಒಯ್ಯಲು ಮನೆಗೆ ಬಂದಿದ್ದ ಭಾರತಿ ಹೌಹಾರಿದಳು. "ಚಾಚಿ! ನಳ ಬರೂದು ಯಾವಾಗೋ ಏನೋ, ಹಿಂಗ್ಯಾಕ ಚೆಲ್ಲಾಕತ್ತೀರಿ?"

"ನಿನ್ನ ಮಗಳಿಗೆ ಕಡಿದ ಸೊಳ್ಳಿ ಇದರಾಗ ಹುಟ್ಟಿದ್ದವ್ವಾ," ಎಂದಳು ಲಾಲಬಿ. ಬೇಕಿದ್ದರೆ ತಪ್ಪನ್ನು ಗಟಾರದ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಸೊಸೆಗೆ ಅತ್ತೆಯ ಮೇಲೆ ಆ ಗಳಿಗೆಯಲ್ಲಿ ಹುಟ್ಟಿದ ಅಭಿಮಾನ ಅಷ್ಟಿಷ್ಟಲ್ಲ. ಭಾರತಿ ಮಾತ್ರ ಮುಖ ತಿರುಗಿಸಿ ಹೋಗಿಬಿಟ್ಟಳು.

ಗುಲ್ಷನ್ ದಿನಾ ರೂಪಾಳ ರಕ್ತ ನೋಡಿದಳು. ಕುಸಿದಿದ್ದ ಪ್ಲೇಟ್‌ಲೆಟ್ ಮೇಲೇರಿತು, ಹುಡುಗಿ ಮನೆಗೆ ಬಂದಳು. ನಳ ಮಾತ್ರ ಬರಲಿಲ್ಲ. ತಿಕ್ಕಿ ತೊಳೆದ ಟಾಕಿ ಒಣಗಿ ನಿಂತಿತ್ತು, ಮನೆಯಲ್ಲಿ ಕುಡಿಯಲೂ ನೀರಿರಲಿಲ್ಲ. ಒಂದು ಬೆಳಿಗ್ಗೆ ಲಾಲಬಿ ಕೊಡ ಹಿಡಿದು ಹೊರಬಿದ್ದಳು. ಅತ್ತೆ ನೀರು ಬೇಡಲು ಹೋಗುವುದನ್ನು ಗುಲ್ಷನ್ ಅದೇ ಮೊದಲು ನೋಡಿದ್ದು. ಹೊಸ್ತಿಲಲ್ಲೇ ನಿಂತಳು.

"ಒಂದ ಕೊಡ ನೀರ ಕೊಡವ್ವಾ," ಎಂದಳು ಲಾಲಬಿ, ಎದುರುಮನೆಯ ಬಾಗಿಲಲ್ಲಿ.

ಭಾರತಿ ಹೊರಗೆ ಬಂದಳು. ಕೊಡ ಇಸಿದುಕೊಂಡು ಒಳಗೆ ಹೋದಳು. ತಾನು ದೂರದ ಬೋರಿನಿಂದ ಹೊತ್ತಿದ್ದ ನೀರನ್ನೇ ತುಂಬಿ ತಂದು, ಸೊಳ್ಳೆ ಹೋಗದಂತೆ ಹಳೆಯ ಸೀರೆಯ ತುಂಡೊಂದನ್ನು ಅದರ ಬಾಯಿಗೆ ಬಿಗಿಯಾಗಿ ಕಟ್ಟಿ, ಲಾಲಬಿಯ ಸೊಂಟಕ್ಕಿಟ್ಟಳು.

"ನಾಳೆ ನೀರಿಗೆ ಬರೂಮುಂದ ಈ ಅರಿವಿ ತರಾಕ ಮರೀಬ್ಯಾಡ್ರಿ, ಚಾಚಿ."