ಕೈಗೆ ತಿಳಿಯದ್ದು

"ಕಣ್ಣು ಮುಚ್ಕೋ ಅಪ್ಪ. ಕದ್ದು ನೋಡ್ಬಾರ್ದು ಮತ್ತೆ," ಎಂದು ಮಗಳು ಬಡಗಿಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ರಜೆಯ ದಿನ. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಬೆಳಗಿನಿಂದ ಹಿತ್ತಿಲನ್ನೆಲ್ಲ ಜಾಲಾಡಿ ಅವಳು ಒಂದು ತಟ್ಟೆ ತುಂಬ ಸರಕು ಕೂಡಿಹಾಕಿದ್ದಳು: ಬಿಸಿಲಿಗೆ ಕಾದ ಕಲ್ಲು, ಬಸವನಹುಳುವಿನ ಖಾಲಿ ಚಿಪ್ಪು, ಪಾರಿವಾಳದ ಗರಿ, ನಲ್ಲಿಯ ಕೆಳಗಿನ ಕೆಸರು. ನಾಲ್ಕೂವರೆ ವರ್ಷದ ಅವಳು ಯಾವುದನ್ನೂ ಮುಟ್ಟದೆ, ಮೂಸದೆ, ಅಮ್ಮ ನೋಡದಿದ್ದರೆ ನೆಕ್ಕದೆ ಬಿಟ್ಟವಳಲ್ಲ. ಅಪ್ಪ ಅವಳನ್ನು ಕರೆಯುತ್ತಿದ್ದುದೇ ಇನ್ಸ್‌ಪೆಕ್ಟರಮ್ಮ ಎಂದು.

ಮೊದಲು ಕಲ್ಲು ಇಟ್ಟಳು.

"ಕಲ್ಲು," ಎಂದ. ಭಾರದಿಂದ ಗೊತ್ತಾಗಿತ್ತು.

"ಬಿಸಿನೋ, ತಣ್ಣಗಿದ್ಯೋ?"

"ತಣ್ಣಗಿದೆ."

"ತಪ್ಪು!"

ಗರಿ ಇಟ್ಟಾಗ, "ಇಡೇ ಬೇಗ, ಎಷ್ಟೊತ್ತು ಕಾಯೋದು?" ಎಂದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂತಿಯ ಮೇಲೆ ಬಟ್ಟೆ ಹರವುತ್ತಿದ್ದ ಹೆಂಡತಿಯೂ ನಕ್ಕಳು. "ಬೇಕೂಂತ ಸೋಲ್ತೀರಿ ನೀವು. ಆಮೇಲೆ ಅವಳನ್ನ ಹಿಡಿಯೋರು ಯಾರು?"

ಮಗಳ ಫ್ರಾಕಿನ ಅಂಚಿಗೆ ಒಂದು ನೆಗ್ಗಿಲುಮುಳ್ಳು ಅಂಟಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿ ಅಪ್ಪನ ಬೆರಳುಗಳ ನಡುವೆ ಇಟ್ಟಳು. ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತಿದ, ಹೊರಳಿಸಿದ, ಸ್ವಲ್ಪ ಯೋಚಿಸಿದ.

"ಹತ್ತಿ ಉಂಡೆ."

ಈ ಸಲ ಮಗಳು ನಗಲಿಲ್ಲ. ಮುಳ್ಳು ತೋರುಬೆರಳಿನ ತುದಿಯಲ್ಲಿ ನಾಟಿಕೊಂಡು ಒಂದು ಹನಿ ರಕ್ತ ಬಂದಿತ್ತು. "ಅಮ್ಮಾ, ಇಲ್ಲಿ ಬಾ. ಅಪ್ಪಂಗೆ ನೋಯ್ತಾನೇ ಇಲ್ಲ."

ಹೆಂಡತಿ ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡೇ ಬಂದಳು. ಬಗ್ಗಿ ಮುಳ್ಳು ಕಿತ್ತಳು. ಗಂಡ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ, ಮುಂದಿನದು ಏನಿರಬಹುದೆಂದು ಕಾಯುತ್ತ.

"ಕಣ್ಣು ಬಿಡಿ," ಎಂದಳು.

ಅವನು ರಕ್ತ ನೋಡಿದ, ಹೆಂಡತಿಯ ಮುಖ ನೋಡಿದ. "ಕೈ ಜಡ್ಡುಗಟ್ಟಿದೆ ಕಣೇ, ಅಷ್ಟೇ."

"ಜಡ್ಡುಗಟ್ಟಿದ್ರೆ ಮುಳ್ಳು ಒಳಗೆ ಹೋಗ್ತಿರ್ಲಿಲ್ಲ."

ಹದಿನೈದು ದಿನದ ಹಿಂದೆ ಗಿರಾಕಿಯೊಬ್ಬರು ಅವನು ಮಾಡಿಕೊಟ್ಟ ತೊಟ್ಟಿಲನ್ನು ವಾಪಸು ತಂದಿದ್ದರು, ಅಂಚಿನಲ್ಲಿ ಸಿಬಿರು ಎದ್ದಿದೆಯೆಂದು. ಮರ ಉಜ್ಜುವ ಉಪ್ಪುಕಾಗದ ಮಾರಿದವನ ಮೇಲೆ ಹರಿಹಾಯ್ದು ಅವನು ಆ ವಿಷಯ ಮುಗಿಸಿದ್ದ. ಮರ ನುಣುಪಾಯಿತೋ ಇಲ್ಲವೋ ಎಂಬುದಕ್ಕೆ ಹದಿನಾಲ್ಕು ವರ್ಷದಿಂದ ಆ ತೋರುಬೆರಳು ಹೇಳಿದ್ದೇ ಕೊನೆಯ ಮಾತು. ಹೆಂಡತಿ ತೊಟ್ಟಿಲಿನ ಮಾತೆತ್ತಲಿಲ್ಲ. ಮಗಳ ತಟ್ಟೆಯಿಂದ ಗರಿಯನ್ನು ತೆಗೆದು ಅವನ ಒಂದೊಂದೇ ಬೆರಳಿಗೆ ಸವರುತ್ತ ಹೋದಳು. ಕಿರುಬೆರಳಿನಲ್ಲಿ ಮಾತ್ರ ಅವನು ಗೊತ್ತಾಯಿತೆಂದು ತಲೆಯಾಡಿಸಿದ.

ಡಾಕ್ಟರು ಹೆಚ್ಚು ಮಾತಾಡುವವರಲ್ಲ. ಮರ ಉಜ್ಜುವ ಮೆಷಿನ್ ಹಿಡಿದು ಹಿಡಿದು, ಅದರ ನಡುಕಕ್ಕೆ ನರ ಸೋತಿದೆ ಎಂದರು. "ಇನ್ಮೇಲೆ ಆ ಮೆಷಿನ್ ಮುಟ್ಬೇಡಿ. ಆರು ತಿಂಗಳು ನೋಡೋಣ. ಎಷ್ಟು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ಗೊತ್ತಾಗಿದ್ದೇ ಒಳ್ಳೇದಾಯ್ತು, ಹೇಗೆ ಗೊತ್ತಾಯ್ತು?"

"ಮಗಳು ಆಟ ಆಡ್ತಿದ್ಲು," ಎಂದ ಅವನು.

ಮೆಷಿನ್ ಮೂಲೆ ಸೇರಿತು. ಮೂರು ದಿನ ಕೈಯಲ್ಲೇ ಉಜ್ಜಿ ಒಂದು ಬೀರುವಿನ ಬಾಗಿಲು ಮಾಡಿದ. ಮಾಡಿದ ಮೇಲೆ, ಅದು ಮುಗಿಯಿತೋ ಇಲ್ಲವೋ ತಿಳಿಯದೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟ. ಕಣ್ಣಿಗೆ ಎಲ್ಲ ನುಣ್ಣಗೇ ಕಾಣುತ್ತಿತ್ತು. ತೊಟ್ಟಿಲೂ ಹಾಗೆಯೇ ಕಂಡಿತ್ತು.

ಶಾಲೆ ಬಿಟ್ಟ ಮಗಳನ್ನು ಹೆಂಡತಿ ಅವನ ಮರಗೆಲಸದ ಅಂಗಡಿಯಲ್ಲಿ ಬಿಟ್ಟುಹೋಗಿದ್ದಳು. ಅವಳು ಬಾಗಿಲಿನ ಮೇಲೆ ಮೊದಲು ಅಂಗೈ ಆಡಿಸಿದಳು, ಆಮೇಲೆ ಮೊಣಕೈ. ಅದೂ ಸಾಲದೆಂದು ಕೆನ್ನೆಯನ್ನೇ ಮರಕ್ಕೆ ಒತ್ತಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಏಡಿಯಂತೆ ಅಡ್ಡಡ್ಡ ನಡೆದಳು. ನಡುವೆ ನಿಂತಳು.

"ಅಪ್ಪ, ಇದು ಇಲ್ಲಿ ಕಚ್ಚುತ್ತೆ."

ಅವನು ಎದ್ದು ಬಂದು ಬೆರಳಿಟ್ಟ. ಏನೂ ತಿಳಿಯಲಿಲ್ಲ.

"ಕೈಯಲ್ಲಲ್ಲ. ಹೀಗೆ."

ರಸ್ತೆಯ ಕಡೆ ಒಮ್ಮೆ ನೋಡಿದ. ಯಾರೂ ಇರಲಿಲ್ಲ. ಮಂಡಿಯೂರಿ ಕೆನ್ನೆಯನ್ನು ಮರಕ್ಕೆ ಆನಿಸಿದ. ಮೊದಲು ತಂಪು ತಗುಲಿತು. ಆಮೇಲೆ, ಕೆನ್ನೆಯ ಮೂಳೆಯ ಕೆಳಗೆ, ಬೆಕ್ಕಿನ ನಾಲಿಗೆಯಷ್ಟು ಒರಟು. ಎದ್ದು ಉಪ್ಪುಕಾಗದ ಹುಡುಕಿದ.

ರಾತ್ರಿ ಊಟಕ್ಕೆ ಕೂತಾಗ ಮಗಳ ಎಡಗೆನ್ನೆಯ ಮೇಲೆ ಮರದ ಹುಡಿ ಮೆತ್ತಿತ್ತು. ಅಮ್ಮ ಗೊಣಗುತ್ತ ಒದ್ದೆ ಬಟ್ಟೆಯಿಂದ ಒರೆಸಿದಳು. ತಲೆಯೆತ್ತಿದರೆ ಗಂಡನ ಕೆನ್ನೆಯ ಮೇಲೂ ಅದೇ ಹುಡಿ. ಬಟ್ಟೆ ಹಿಡಿದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹುಡಿಯನ್ನು ಹಾಗೇ ಬಿಟ್ಟು, ಅವನಿಗೆ ಬಡಿಸಿದಳು.