ಡ್ರಮ್ಮಿಗೆ ಹಾಕಿದ ಔಷಧಿ

ತೋಟದ ಮೂಲೆಯಲ್ಲಿ ಮಳೆನೀರು ತುಂಬಿದ್ದ ಡ್ರಮ್ಮಿಗೆ ಯಜಮಾನರು ಸೊಳ್ಳೆ ಸಾಯಲೆಂದು ವಿಷ ಹಾಕಿದರು. ಯಾರಿಗೂ ಹೇಳಲಿಲ್ಲ.

ಮರುದಿನ ಡ್ರಮ್ಮಿನ ಸುತ್ತ ಎರಡು ಪಿಕಳಾರ, ಒಂದು ಅಳಿಲು, ರಾಶಿ ಕಪ್ಪೆಗಳು ಸತ್ತುಬಿದ್ದಿದ್ದವು. ತೋಟದಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ತೋಟದ ಕೆಲಸದವಳು ಹೊತ್ತೇರಿದ ಮೇಲೆ ಬಂದು ಅವುಗಳ ಮುಂದೆ ನಿಂತಳು.

“ಇಷ್ಟೊತ್ತಿಗಾ ಬರೋದು? ಎದುರುಮನೆ ಮೇಷ್ಟ್ರಿಗೆ ಹಕ್ಕಿ ಹುಚ್ಚು, ನೋಡಿದ್ರೆ ಕಂಪ್ಲೇಂಟ್ ಕೊಡ್ತಾರೆ. ಬೇಗ ಇವನ್ನೆಲ್ಲ ಹೂತು, ಡ್ರಮ್ ತೊಳೆದಿಡು” ಎಂದರು ಯಜಮಾನರು.

“ಏನ್ ಹಾಕಿದ್ರಿ ಬುದ್ಧಿ?”

“ಸೊಳ್ಳೆ ಔಷಧಿ.”

“ಡ್ರಮ್ ಬಾಯಿಗೆ ಬಟ್ಟೆ ಕಟ್ತೀನಿ, ಸೊಳ್ಳೆಮರಿ ತಿನ್ನೋ ಗಪ್ಪಿ ಮೀನು ಬಿಡ್ತೀನಿ ಅಂದಿದ್ನಲ್ಲ.”

“ಮೀನು ಸಾಕೋಕೆ ಇದೇನು ನಿಮ್ಮೂರ ಕೆರೆಯಾ?”

“ಆ ಔಷಧಿ ಹೆಸರೇನು?”

“ಅದನ್ನ ಕಟ್ಕೊಂಡು ನಿನಗೇನು? ಗುದ್ದಲಿ ತಗೋ.”

“ಡಬ್ಬಿ ಕೊಡಿ ಬುದ್ಧಿ.”

ಯಜಮಾನರ ದನಿ ಇಳಿಯಿತು. “ಮೇಷ್ಟ್ರಿಗೆ ತೋರಿಸ್ತೀಯಾ? ಎರಡು ಹಕ್ಕಿಗೆ ಇಷ್ಟು ಸಂಕಟಾನಾ? ತಿಥೀನೂ ಮಾಡು, ವಡೆ ಖರ್ಚು ನಂದು.”

ಅವಳು ನಗಲಿಲ್ಲ. ಗುದ್ದಲಿಯನ್ನೂ ಮುಟ್ಟಲಿಲ್ಲ. ಸತ್ತ ಪಿಕಳಾರವೊಂದನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಹೂಳು ಅಂದೆ! ಇಲ್ಲಾಂದ್ರೆ ನಾಳೆಯಿಂದ ಈ ಗೇಟು ದಾಟಬೇಡ.”

“ಹೂಳಕ್ಕಿಲ್ಲ ಬುದ್ಧಿ. ಮನೆ ನಲ್ಲಿ ಮುಟ್ಟಬೇಡಿ, ಬಾಯಾರಿದ್ರೆ ಡ್ರಮ್ಮಲ್ಲಿ ಕುಡೀರಿ ಅಂದಿದ್ದು ನೀವೇ. ನಿನ್ನೆ ನನ್ ಜೊತೆ ಬಂದಿದ್ದ ಮಗಳು ಕುಡಿದವ್ಳೆ; ಅವಳ ಹೊಟ್ಟೆಗೆ ಏನು ಹೋಗೈತೆ ಅಂತ ಆಸ್ಪತ್ರೇಲಿ ಕೇಳ್ತಾವ್ರೆ.”